ಟ್ಯಾಂಕಿನ ಮೇಲಿನ ಕುಂಕುಮ

ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿಯ ಆ ಸಿಹಿ ಸಿಹಿ ಹೊಗೆ ಈಗ ಎಲ್ಲೂ ಸಿಗುವುದಿಲ್ಲ. ಈ ವರ್ಷ ನಮ್ಮ ಹಳೆಯ ಮೆಕ್ಯಾನಿಕ್ ಬಿಶುದಾ ಅವರ ಗ್ಯಾರೇಜಿನಲ್ಲಿ ಅದು ಮೂಗಿಗೆ ಬಡಿದಾಗ, ಜಾದವ್‌ಪುರದ ನಮ್ಮ ಬಾಡಿಗೆ ಮನೆ ಕಣ್ಣ ಮುಂದೆ ಬಂದು ನಿಂತಿತು. ಹಸಿರು ಕಿಟಕಿ, ಸವೆದ ಕೆಂಪು ನೆಲ, ಅಂಗಳದಲ್ಲಿ ಅಪ್ಪನ ಮೋಟರ್‌ಸೈಕಲ್ಲು. ಆ ಮನೆ ಕೆಡವಿ ಫ್ಲ್ಯಾಟು ಕಟ್ಟಿದ್ದಾರೆ ಬಿಡಿ. ಧಾರವಾಡದಿಂದ ಈ ಬಂಗಾಳಿ ಊರಿಗೆ ಪಾಠ ಹೇಳಲು ಬಂದ ಅಪ್ಪ, ಖಿದಿರ್‌ಪುರದ ಬಂದರಿನ ನೌಕರರೊಬ್ಬರಿಂದ ಕೊಂಡಾಗಲೇ ಗಾಡಿ ಮುದಿಯಾಗಿತ್ತು, ಟ್ಯಾಂಕು ನೆಗ್ಗಿತ್ತು. ಭಾನುವಾರ ಬಂತೆಂದರೆ ಪ್ಲಗ್ ಬಿಚ್ಚಿ, ಉಜ್ಜಿ, ಊದಿ, ಮತ್ತೆ ಕೂರಿಸುವುದೇ ಕೆಲಸ. ನಾನು ಕೂತು ಕೂತು ಟ್ಯಾಂಕಿನ ಬಣ್ಣ ಸವೆದಿತ್ತು. ಎರಡೂ ಪಕ್ಕ ಅಪ್ಪನ ಮೊಣಕಾಲು ತಾಗಿ ತಾಗಿ ತಗಡು ಕಾಣುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಇದ್ದೀತು.

ಅದಕ್ಕೆ ವರ್ಷಕ್ಕೆ ಎರಡು ಪೂಜೆ. ಮೊದಲು ಗ್ಯಾರೇಜಿನ ವಿಶ್ವಕರ್ಮ ಪೂಜೆ; ಅಂದು ಬಿಶುದಾ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಒಮ್ಮೆ ಅದೇ ದಿನ ಗಾಡಿ ಕೈಕೊಟ್ಟು, ಸದರ್ನ್ ಅವೆನ್ಯೂದಿಂದ ಮನೆವರೆಗೆ ಅಪ್ಪ ಬೆವರು ಸುರಿಸುತ್ತ ತಳ್ಳಿದರು. ನಾನು ಮಹಾರಾಜನ ಹಾಗೆ ಮೇಲೆ ಕೂತು ಆಕಾಶದ ತುಂಬ ಹಾರುತ್ತಿದ್ದ ಗಾಳಿಪಟ ಎಣಿಸುತ್ತಿದ್ದೆ. ಕೆಲವು ವಾರ ಕಳೆದರೆ ಮನೆಯಲ್ಲಿ ಆಯುಧ ಪೂಜೆ. ಅವ್ವ ಗಾಲಿಯಡಿ ನಿಂಬೆಹಣ್ಣಿಟ್ಟು, ಟ್ಯಾಂಕಿನ ಆ ನೆಗ್ಗಿನೊಳಗೇ ಕುಂಕುಮ ಹಚ್ಚುತ್ತಿದ್ದಳು. ಪ್ರತಿ ವರ್ಷ ಅದೇ ಜಾಗ. ಕೆಂಪು ಅಲ್ಲೇ ಹಿಡಿದು ಕೂತಿತ್ತು.

ಅಪ್ಪ ಹೋದ ಮೇಲೆ ಗಾಡಿ ಟಾರ್ಪಾಲಿನಡಿ ಸೇರಿತು. ಈಗೀಗ ಅವ್ವನಿಗೆ ಮರೆವು. ನನ್ನ ಹೆಸರೇ ತಪ್ಪುತ್ತದೆ; ಅಪ್ಪನ ಮಾತಂತೂ ಬಾಯಿಗೇ ಬರುವುದಿಲ್ಲ. ಆ ಸದ್ದು ಕೇಳಿದರಾದರೂ ಅಪ್ಪ ನೆನಪಾಗಬಹುದು ಎಂಬ ಒಂದೇ ಆಸೆಗೆ ಗಾಡಿಯನ್ನು ರಿಪೇರಿಗೆ ಹಾಕಿದೆ. ಅಯ್ಯೋ, ಸಾಕುಸಾಕಾಯಿತು. ಪಿಸ್ಟನ್ ಸಿಕ್ಕರೆ ರಿಂಗ್ ಇಲ್ಲ, ರಿಂಗ್ ಸಿಕ್ಕರೆ ಬಿಶುದಾಗೆ ಸೊಂಟನೋವು. ಕೊನೆಗೊಂದು ದಿನ ಅವರು ಟ್ಯಾಂಕಿನ ಆ ನೆಗ್ಗು, ಕೆಂಪು ಕಲೆ ಸವರುತ್ತ, "ಖೋಕಾ, ಶೊಬ್ ತುಲೇ ದೇಬೋ?" ಎಂದರು. ಮಗೂ, ಎಲ್ಲಾ ಕಿತ್ತು ತೆಗೆದುಬಿಡಲಾ ಅಂತ. ದಣಿದಿದ್ದೆ. ಎಲ್ಲಾ ತೆಗೆದು ಹೊಸದರ ಹಾಗೆ ಮಾಡಿ ಎಂದುಬಿಟ್ಟೆ. ಎಂಥ ದಡ್ಡ ನಾನು!

ಆಯುಧ ಪೂಜೆಯ ಬೆಳಿಗ್ಗೆ ಈಗಿನ ಮನೆಯ ಗೇಟಿನ ಮುಂದೆ ಕಿಕ್ ಹೊಡೆದೆ. ಮೂರನೆಯದಕ್ಕೆ ಎದ್ದಿತು. ಸದ್ದು ಕೇಳಿದ್ದೇ ತಡ, ಅವ್ವ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದಳು. "ಬಂದ್ರೇನ್ರಿ?" ಎಂದಳು. ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ! ಬೆರಳು ಅದ್ದಿ ಟ್ಯಾಂಕಿನ ಮೇಲೆ ತಡವಿದಳು. ನೆಗ್ಗಿನ ಜಾಗ ನುಣ್ಣಗಿತ್ತು. ಮತ್ತೆ ತಡವಿದಳು.

"ಸಪ್ಪಳ ನಮ್ಮ ಗಾಡೀದ ಐತಿ, ಗಾಡಿ ನಮ್ಮದಲ್ಲ," ಎಂದಳು. "ಅವರು ಹಿಂದ ಬರ್ತಿರಬೇಕು. ತಡಿ."

ನಾನು ಇಂಜಿನ್ ಆರಿಸಿದೆ. ಬೆರಳ ತುದಿಯ ಕುಂಕುಮ ಒರೆಸಿಕೊಳ್ಳದೆ ಅವ್ವ ರಸ್ತೆ ನೋಡುತ್ತ ನಿಂತಳು. ನಾನೂ ಅವಳ ಪಕ್ಕ ನಿಂತೆ.