ಭಾವನ ಮುಖದ ಬ್ಯಾನರು

ಆ ಮುದ್ರಣದಂಗಡಿಯ ಡಿಸೈನರನನ್ನು ಬೀದಿಯವರೆಲ್ಲ ಗೆರೆಮಾಸ್ತರು ಎನ್ನುತ್ತಿದ್ದರು. ಬಿರುದನ್ನು ಹಬ್ಬಿಸಿದವನೂ ಅವನೇ. ಗಿರಾಕಿಗಳು ಮೊಬೈಲಿನಲ್ಲಿ ಉಗುರಿನಷ್ಟು ಚಿತ್ರ ತಂದು ಬೋರ್ಡಿನಷ್ಟು ದೊಡ್ಡದು ಮಾಡಿಕೊಡು ಎಂದರೆ ಸಾಕು, ಕನ್ನಡಕ ಹಣೆಗೇರಿಸಿ ಪಾಠ ಶುರುಮಾಡುತ್ತಿದ್ದ.

"ಇದು ಬರೀ ಬಣ್ಣದ ಚೌಕಗಳು. ಹಿಗ್ಗಿಸಿದ್ರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತೆ. ನಾನು ಅಂಚಿನುದ್ದಕ್ಕೂ ಚುಕ್ಕೆ ಇಟ್ಟು ಗೆರೆ ಎಳೀತೀನಿ. ಆಮೇಲೆ ಎಷ್ಟು ಬೇಕಾದ್ರೂ ದೊಡ್ಡದು ಮಾಡಿ, ಒಡೆಯೋದಿಲ್ಲ."

ಮಾತೇನೋ ನಿಜ. ಎಳೆಯುತ್ತಿದ್ದವನು ಮಾತ್ರ ಅವನಲ್ಲ. ಗಿರಾಕಿ ಅತ್ತ ಹೋದೊಡನೆ ಇವನು ಒಂದು ಗುಂಡಿ ಒತ್ತುತ್ತಿದ್ದ, ಕಂಪ್ಯೂಟರು ತನಗೆ ತೋಚಿದಂತೆ ಗೀಚುತ್ತಿತ್ತು, ಇವನು ಕುರ್ಚಿಗೊರಗಿ ತೂಕಡಿಸುತ್ತಿದ್ದ.

ಹೀಗಿರುವಾಗ ಅವನ ಅಕ್ಕನ ಗಂಡ, ಚಪ್ಪಲಿ ಅಂಗಡಿಯವರು, ವ್ಯಾಪಾರಿಗಳ ಸಂಘದ ಅಧ್ಯಕ್ಷಗಿರಿಗೆ ನಿಂತರು. ಯಾವುದೋ ಮದುವೆಯ ಗುಂಪುಫೋಟೋದ ಹಿಂದಿನ ಸಾಲಿನಿಂದ ಕತ್ತರಿಸಿದ ತಮ್ಮ ಮುಖವನ್ನು ತಂದರು.

"ಇದು ತೀರಾ ಹಳೇದಲ್ವಾ ಭಾವ? ಈಗೊಂದು ತೆಗೆದ್ರಾಯ್ತು."

"ಇದರಲ್ಲಿ ಕೂದಲಿದೆ," ಎಂದರು ಭಾವ. "ಮಾರ್ಕೆಟ್ ಗೋಡೆ ತುಂಬ ಬರಬೇಕು. ಹೆಸರು ಬೇಡ. ನನ್ನ ಮುಖ ಗೊತ್ತಿಲ್ದೋರು ಯಾರಿದ್ದಾರೆ ಇಲ್ಲಿ?"

ಗುಂಡಿ ಒತ್ತಿದ್ದಾಯಿತು. ಕಂಪ್ಯೂಟರು ಸುಕ್ಕುಗಳನ್ನೆಲ್ಲ ಸವರಿಹಾಕಿ, ಜೋಲುಗಲ್ಲ ಹೆರೆದು, ಮೂಗಿನ ಕೆಳಗಿನ ನೆರಳಿಗೆ ಕಪ್ಪು ತುಂಬಿತು.

"ನಂಗೆ ಮೀಸೆ ಇಲ್ವಲ್ಲೋ."

"ಮೀಸೆಯಲ್ಲ ಭಾವ, ನೆರಳು. ದೂರದಿಂದ ನೋಡಿದ್ರೆ ಒಂದು ಗಾಂಭೀರ್ಯ."

ಭಾವ ತಲೆ ಓರೆಮಾಡಿ ನೋಡಿದರು. ಚಿತ್ರದಲ್ಲಿದ್ದ ಆ ತರುಣನ ಮೇಲೆ ಅವರಿಗೆ ಮೋಹ ಬಂದುಬಿಟ್ಟಿತ್ತು. "ಇರಲಿ ಬಿಡು," ಎಂದರು.

ಬ್ಯಾನರು ಗೋಡೆಗೇರಿತು. ಜನ ಕತ್ತೆತ್ತಿ ನೋಡಿ, "ಪಾತ್ರೆ ಅಂಗಡಿಯವರು ಚೆನ್ನಾಗಿ ಬಂದಿದ್ದಾರೆ" ಎಂದರು. ಪಾತ್ರೆ ಅಂಗಡಿಯವರೇ ಎದುರಾಳಿ; ಅವರಿಗೆ ಪೊರಕೆಯಂಥ ಮೀಸೆ. ಅವರೇನು ಕಡಿಮೆಯೇ, ಬೇರೆ ಬ್ಯಾನರು ಮಾಡಿಸುವ ಗೋಜಿಗೇ ಹೋಗದೆ ಅದೇ ಗೋಡೆಯ ಕೆಳಗೆ ಕೈಮುಗಿದು ನಿಂತರು. ಗೆದ್ದೂ ಬಿಟ್ಟರು. ಗೆದ್ದ ಮೇಲೆ ಅಂಗಡಿಗೆ ಬಂದು, "ಅದೇ ಚಿತ್ರ ಇರಲಿ, ಕೆಳಗೆ ಧನ್ಯವಾದ ಅಂತ ಹಾಕಿ" ಎಂದರು. ಗೆರೆಮಾಸ್ತರು ಮುಖ ಗಂಟಿಕ್ಕಿಕೊಂಡೇ ಹಾಕಿಕೊಟ್ಟ.

ಆ ಸುದ್ದಿ ಅಕ್ಕನ ಕಿವಿಗೆ ಬೀಳದಿರುತ್ತದೆಯೇ? ಮಧ್ಯಾಹ್ನವೇ ಬಂದಳು.

"ಲೋ, ಅದನ್ನ ನೀನು ಕೈಯಲ್ಲೇ ಎಳೆದಿದ್ದಾ?"

"ಹೂಂ ಅಕ್ಕ."

"ಸರಿ, ಈಗ ನನ್ನೆದುರಿಗೆ ಎಳಿ." ಕುರ್ಚಿ ಎಳೆದುಕೊಂಡು ಕೂತಳು. ತನ್ನ ಮೊಬೈಲಿನಲ್ಲಿದ್ದ ಗಂಡನ ಇತ್ತೀಚಿನ ಫೋಟೋ ಕೊಟ್ಟಳು. ಅದರಲ್ಲಿ ಕೂದಲಿರಲಿಲ್ಲ.

ಗೆರೆಮಾಸ್ತರು ಬೆವರಿದ. ಚುಕ್ಕೆ ಇಟ್ಟ ಕಡೆ ಗೆರೆ ಬಾಗಲಿಲ್ಲ, ಬಾಗಿದ ಕಡೆ ಗಲ್ಲವೇ ಹಾರಿಹೋಯಿತು. ಅಳಿಸಿದ, ಮತ್ತೆ ಇಟ್ಟ. ಗುಂಡಿಯ ಕಡೆ ಕೈ ಹೋದಾಗಲೆಲ್ಲ ಅಕ್ಕ ಕೆಮ್ಮಿದಳು. ಮೂಗಿನ ಹತ್ತಿರ ಬರುವ ಹೊತ್ತಿಗೆ ಹೊರಗೆ ಬಿಸಿಲು ಇಳಿದಿತ್ತು.

"ಅಕ್ಕ, ಭಾವನ ಮೂಗು ಇಷ್ಟು ಸೊಟ್ಟ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ನಂಗೆ ಗೊತ್ತು. ನೀನು ಎಳಿ."

ಕೊನೆಗೊಂದು ಮುಖ ಮೂಡಿತು: ಬೋಳುತಲೆ, ಸೊಟ್ಟ ಮೂಗು, ಯಾರಾದರೂ ಮಾತಾಡಿಸಲಿ ಎಂದು ಕಾಯುತ್ತಿರುವಂಥ ಕಣ್ಣು. ಅಕ್ಕ ಅದನ್ನು ಅಚ್ಚುಹಾಕಿಸಿ ಮನೆಗೊಯ್ದಳು. ಭಾವ ನೋಡಿ, "ಯಾರಿದು? ನನ್ನ ಹಾಗಿಲ್ಲವಲ್ಲ" ಎಂದು ತಮ್ಮ ಅಂಗಡಿಗೆ ಹೊರಟುಹೋದರು. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಳು.