ನಮ್ಮ ಆಮೆಯ ಹಿಂಗಾಲು

ಹೊಸೂರಿನ ನಮ್ಮ ಬೀದಿಯಲ್ಲಿ ನಾನು ನಕಲು ಮಾಡದೆ ಬಿಟ್ಟ ಮನುಷ್ಯರಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾದ ಅಪ್ಪ ಗಂಟಲು ಸರಿಮಾಡಿಕೊಂಡು, ಕೊನೆಗೆ ಏನೂ ಹೇಳದೆ ಹೋಗುವುದನ್ನು ಮಾಡಿ ತೋರಿಸುತ್ತಿದ್ದೆ. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ನುಂಗಲಾರದೆ ಕೂತ ನನ್ನನ್ನೂ ಬಿಡುತ್ತಿರಲಿಲ್ಲ. ಮನುಷ್ಯರು ಮುಗಿದ ಮೇಲೆ ಮನೆಯ ಆಮೆಗೆ ಬಂದೆ. ಕತ್ತು ನೀಡಿ, ಒಂದು ಕೈ ಎತ್ತಿ, ಲೋಕದ ಕಷ್ಟವನ್ನೆಲ್ಲ ಯೋಚಿಸಿ ನೆಲಕ್ಕಿಡುವ ಆ ನಡಿಗೆ ನನಗೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಆಮೆಯೇ ಒಮ್ಮೆ ನಿಂತು ನೋಡಿತ್ತು.

ಅದು ತಾತ ರಾಯಕೋಟೆಯ ಬೆಟ್ಟದಿಂದ ತಂದದ್ದು. ತಾತ ಹೋದ ಮೇಲೆ ಅಜ್ಜಿಗೆ ಅದರ ಮೇಲೇ ಜೀವ. ಹಿತ್ತಲಲ್ಲಿ ಮುಂಗುಸಿಯೊಂದು ಅದರ ಸುತ್ತ ಸುಳಿದ ದಿನ ಎತ್ತಿ ಒಳಗೆ ತಂದಳು. ವಿಷ್ಣುವಿನ ಅವತಾರವನ್ನು ಅಡುಗೆಮನೆಯ ಮೂಲೆಯಲ್ಲಿಡಲು ಆಗುತ್ತದೆಯೇ? ದೇವರಮನೆಯ ಮಣೆಯ ಮೇಲಿಟ್ಟಳು. ಬೆನ್ನಿಗೆ ಕುಂಕುಮ, ಊಟಕ್ಕೆ ನೈವೇದ್ಯದ ಹಾಲನ್ನ, ಏಕಾದಶಿಗೆ ಅವಳ ಜೊತೆ ಅದಕ್ಕೂ ಉಪವಾಸ. ಯುದ್ಧದ ಕಾಲ, ಅಕ್ಕಿಗೆ ರೇಷನ್. ನಮಗೆ ರಾಗಿಮುದ್ದೆ, ಆಮೆಗೆ ಅನ್ನ.

ಮಳೆಗಾಲವೆಲ್ಲ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ತಂಗಿಯ ಮುಂದೆ ಆಮೆಯಾಗಿ ನಡೆದೆ. ಅವಳು ದೇವರಮನೆಗೆ ಇಣುಕಿ ಬಂದು, "ತಪ್ಪು ಕಣಣ್ಣಾ, ಅದು ಹಂಗೆ ನಡಿಯಾಕಿಲ್ಲ" ಅಂದಳು.

ನನ್ನ ಕಲೆಗೆ ಅವಮಾನ. ಹೋಗಿ ನೋಡಿದರೆ ಆಮೆ ಮೈ ಎತ್ತಲಾರದೆ ಹೊಟ್ಟೆ ಉಜ್ಜಿಕೊಂಡು ತೆವಳುತ್ತಿತ್ತು. ಹಿಂಗಾಲೆರಡೂ ಒದ್ದೆ ಬಟ್ಟೆಯ ಹಾಗೆ ಹಿಂದೆ ಜೋತುಕೊಂಡು ಬರುತ್ತಿದ್ದವು. ಹಿಂದಿನ ಸಂಜೆಯಷ್ಟೇ ಹೊಸ್ತಿಲವರೆಗೆ ನೆಟ್ಟಗೆ ನಡೆದಿತ್ತು.

"ದೇವ್ರು ಯೋಗದಲ್ಲವ್ರೆ ಕಣ್ಲಾ, ಮುಟ್ಬ್ಯಾಡ" ಅಂದಳು ಅಜ್ಜಿ. ಅವಳ ಕೈ ಮಾತ್ರ ಚಿಪ್ಪಿನ ಮೇಲಿಂದ ಏಳಲಿಲ್ಲ.

ಪಕ್ಕದ ತಮಿಳು ಮನೆಯಾಕೆ ಆಮೆ ಮನೆಗೆ ಆಗದು ಎಂದು ಮೊದಲಿನಿಂದಲೂ ಹೇಳುತ್ತಿದ್ದವಳು. ಅಪ್ಪ ಈ ಸಲ ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟರು: "ಭಾನುವಾರ ಕೆರೆಗೆ ಬಿಟ್ಬುಡೋಣ."

"ಕೆರೇಲಿ ಈಜಾಕೂ ಕಾಲು ಬೇಕಲ್ಲಜ್ಜಿ. ನಡಿ, ದನದಾಸ್ಪತ್ರೆಗೆ ಹೋಗಾನ" ಅಂದೆ.

ಡಾಕ್ಟರು ಸೇಲಂ ಕಡೆಯವರು. ಬುಟ್ಟಿ ತೆರೆದೊಡನೆ ಆಮೆ ತಲೆ ಕಾಲು ಎಲ್ಲ ಒಳಗೆಳೆದುಕೊಂಡು ಕಲ್ಲಾಯಿತು.

"ಎಪ್ಪಡಿ ನಡಕ್ಕುದು? ಹೆಂಗೆ ನಡೀತದೆ ಅಂತ ನೋಡ್ದೆ ನಾನೇನಪ್ಪಾ ಹೇಳ್ಲಿ?"

ಪಂಚೆ ಎತ್ತಿ ಕಟ್ಟಿ ನೆಲಕ್ಕಿಳಿದೆ. ಮೊದಲು ಹಳೆಯ ನಡಿಗೆ, ಆಮೇಲೆ ಇವತ್ತಿನದು. ಎತ್ತು ಹಿಡಿದು ನಿಂತಿದ್ದ ರೈತರು ಬಿದ್ದು ಬಿದ್ದು ನಕ್ಕರು. ಡಾಕ್ಟರು ನಗಲಿಲ್ಲ. "ಇನ್ನೊಂದ್ ಸಲ ಮಾಡು. ಎರಡ್ ಕಾಲೂ ಒಂದೇ ತರಾನಾ?"

"ಎಡಗಾಲು ಜಾಸ್ತಿ ಸಾರ್."

ಅವರು ಚಿಪ್ಪಿನ ಅಂಚನ್ನು ಒತ್ತಿದರು. ಅದು ಬಗ್ಗಿತು. ಎಲ್ಲಿಡುತ್ತೀರಿ, ಏನು ಹಾಕುತ್ತೀರಿ ಎಂದು ಕೇಳಿದ್ದಕ್ಕೆ ಅಜ್ಜಿ ದೇವರಮನೆ, ಹಾಲನ್ನ ಎಲ್ಲವನ್ನೂ ಹೆಮ್ಮೆಯಿಂದ ಒಪ್ಪಿಸಿದಳು.

"ಅಮ್ಮಾ, ಕತ್ತಲೆ ಕೊಟ್ಟಿಗೇಲಿ ಕಟ್ಟಿದ ಕರೂನೂ ಹಿಂಗೇ ಕಾಲು ಎಳೀತದೆ. ಬಿಸಿಲಿಲ್ದೆ, ಸೊಪ್ಪಿಲ್ದೆ ಮೂಳೆ ಮೆತ್ತಗಾಗಿದೆ. ಹಿತ್ತಲಿಗೆ ಬಿಡಿ. ಸೊಪ್ಪಿನ ಮೇಲೆ ಮೊಟ್ಟೆ ಚಿಪ್ಪಿನ ಪುಡಿ ಉದುರ್ಸಿ."

"ಮೊಟ್ಟೆ ಚಿಪ್ಪಾ? ದೇವ್ರಿಗಾ ಸ್ವಾಮಿ?"

"ದೇವ್ರಿಗೆ ಬೇಡ. ಆಮೆಗೆ."

ದಾರಿಯಲ್ಲಿ ನಾನು ಡಾಕ್ಟರ ಹಾಗೆ ಮಾತಾಡಿ ತೋರಿಸಿದರೂ ಅಜ್ಜಿ ನಗಲಿಲ್ಲ. ಮನೆಗೆ ಬಂದವಳು ಹಿತ್ತಲ ಕಲ್ಲಿನ ಮೇಲೆ ಕೂತು, ಸೆರಗಿನ ತುದಿ ನೆನೆಸಿ, ಚಿಪ್ಪಿನ ಕುಂಕುಮವನ್ನೆಲ್ಲ ಒರೆಸಿದಳು.

"ನಿಮ್ ತಾತ ತಂದಿದ್ದು ಆಮೇನೇ ಕಣ್ಲಾ. ದೇವ್ರು ಮಾಡ್ದೋಳು ನಾನು" ಅಂದಳು.

ಮುಂಗುಸಿ ಬಾರದ ಹಾಗೆ ನಾನು ಬಿದಿರಿನ ತಡಿಕೆ ಕಟ್ಟಿದೆ. ಮೊಟ್ಟೆ ಚಿಪ್ಪನ್ನು ಹೋಟೆಲಿನಿಂದ ಬೇಡಿ ತಂದು ಕುಟ್ಟುವ ಕೆಲಸವೂ ನನ್ನದೇ. ಅಜ್ಜಿ ಆ ಪುಡಿಯನ್ನು ಮುತ್ತುಗದೆಲೆಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ಉದುರಿಸುತ್ತಿದ್ದಳು. ಅರ್ಧ ನನ್ನ ಕಾಲ ಮೇಲೆ ಬೀಳುತ್ತಿತ್ತು. ಅದಕ್ಕೇ ನನ್ನ ಕಾಲು ಇಷ್ಟು ಗಟ್ಟಿ.

ಸಂಕ್ರಾಂತಿಯ ಹೊತ್ತಿಗೆ ಆಮೆಯ ಹೊಟ್ಟೆ ನೆಲ ಬಿಟ್ಟು ಮೇಲೆದ್ದಿತು. ಆಮೇಲೊಂದು ದಿನ ತಡಿಕೆಯನ್ನೇ ದೂಡಿಕೊಂಡು, ಅಜ್ಜಿಯ ಮೆಂತ್ಯದ ಪಾತಿಗೆ ನಾಲ್ಕೂ ಕಾಲೂರಿ ನುಗ್ಗಿತು.

"ಯಾವನ್ಲಾ ಇದನ್ನ ಬಿಟ್ಟಿದ್ದು? ಹಾಳಾದ್ದು, ಪಾತಿಯೆಲ್ಲ ಮೇಯ್ದ್ಬುಡ್ತು" ಎಂದು ಅಜ್ಜಿ ಜಗಲಿಯಿಂದಲೇ ಬೈದಳು. ಬೈದಳೇ ಹೊರತು, ಓಡಿಸಲು ಏಳಲಿಲ್ಲ.