ಕಾಲುವೆ ದಂಡೆಯಲ್ಲಿ ಕುಳಿತ ಹವಾಲ್ದಾರರು

ಮಿತ್ರರೆಲ್ಲರ ಅವಗಾಹನೆಗೆ ತರುವುದೇನೆಂದರೆ, ಇಂದು ಮಧ್ಯಾಹ್ನ ಹುಣಸಗಿ ಬಳಿಯ ನಮ್ಮ ಹೊಲಗಾಲುವೆಗೆ ಮೇಲಿನ ಹೊಲದ ನಿಂಗಣ್ಣ ಕಲ್ಲು ಅಡ್ಡ ಹಾಕಿದ್ದರಿಂದ ಕೆಳಗಿನ ಶರಣಮ್ಮನ ಮೆಣಸಿನ ಗಿಡಗಳು ಬಾಡತೊಡಗಿದ್ದವು. ಆಕೆ ಸಲಿಕೆ ಎತ್ತಿದಳು. ನಾನು ಪೊಲೀಸರಿಗೆ ಫೋನ್ ಮಾಡಿದೆನು. ಹವಾಲ್ದಾರರೊಬ್ಬರು ಬೈಕಿನಲ್ಲಿ ಬಂದರು.

“ಕಲ್ಲು ತೆಗಸ್ರಿ ಸಾಹೇಬ್ರ,” ಎಂದಳು ಶರಣಮ್ಮ.

“ನೀರಿನ ಪಾಳಿ ಹೇಳಾಕ ನನಗ ಅಧಿಕಾರ ಇಲ್ಲ ಯವ್ವಾ. ಅದು ನೀರಾವರಿಯವ್ರದು. ನೀವು ಹೊಡದಾಡಿದ್ರ ಅಷ್ಟ ನನ್ನ ಕೆಲಸ.”

“ಹಂಗಾರ ಯಾಕ ಬಂದ್ರಿ?” ಎಂದು ನಿಂಗಣ್ಣ ನಕ್ಕನು.

“ಹೊಡದಾಡೂತನಕ ಕುಂದರ್ತೀನಿ,” ಎನ್ನುತ್ತ ಅವರು ಟೋಪಿ ತೆಗೆದು ದಂಡೆಯ ಬೇವಿನ ನೆರಳಿನಲ್ಲಿ ಕುಳಿತರು.

ಯಾರೂ ಹೊಡೆದಾಡಲಿಲ್ಲ. ಬೆಳ್ಳಕ್ಕಿಗಳು ಬಿಸಿಲಿನಲ್ಲಿ ತೇಲಿ ಬಂದು ನೀರಿನಂಚಿನಲ್ಲಿ ನಿಂತವು. ನಾವು ನಾಲ್ವರೂ ಅವುಗಳನ್ನೇ ನೋಡುತ್ತ, ಏತಕ್ಕೆ ಸೇರಿದ್ದೆವೆಂಬುದನ್ನೇ ಮರೆತೆವು. ಬಹಳ ಹೊತ್ತಿನ ಮೇಲೆ ನಿಂಗಣ್ಣ ಗೊಣಗುತ್ತ ಎದ್ದು ಕಲ್ಲುಗಳನ್ನು ಒಂದೊಂದಾಗಿ ಎತ್ತಿದನು. ನೀರು ಕನಸಿನಂತೆ ಸದ್ದಿಲ್ಲದೆ ಕೆಳಗಿಳಿಯಿತು.

“ತಮ್ಮ ಅಧಿಕಾರ ದೊಡ್ಡದು ನೋಡ್ರಿ,” ಎಂದೆನು.

“ನಾ ಕುಂತಷ್ಟು ಹೊತ್ತು ಅಷ್ಟ ಅದ ರೀ ಕಾಕಾ. ಬೈಕ್ ಹತ್ತಿದ್ರ ಕಲ್ಲು ಮತ್ತ ಬರ್ತಾವ.”

ಆದಕಾರಣ ಶರಣಮ್ಮ ಅವರಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ ಅಲ್ಲಿಯೇ ಕೂರಿಸಿಕೊಂಡಳು. ಇದನ್ನು ಬರೆಯುತ್ತಿರುವ ಈ ಸಂಜೆಯಲ್ಲಿ ಮೆಣಸಿನ ಸಾಲುಗಳಿಗೆ ನೀರು ಹರಿಯುತ್ತಿದೆ; ಹವಾಲ್ದಾರರು ನಿದ್ರಿಸುತ್ತಿದ್ದಾರೆ. ಕೊನೆಯ ಸಾಲು ನೆನೆಯುವವರೆಗೆ ಅವರನ್ನು ಯಾರೂ ಎಬ್ಬಿಸಬಾರದಾಗಿ ಸವಿನಯ ಪ್ರಾರ್ಥನೆ.